ನಲವತ್ತೊಂದನೆಯ ಮಾತು

ಜನವರಿ 12

ಗುಂಡಿ,

ಇಲ್ಲಿ ನನ್ನ ಎಡಮಂಡಿಯೊಂದನ್ನು ಬಿಟ್ಟರೆ ಉಳಿದವರೆಲ್ಲ ಚೆನ್ನಾಗಿದ್ದಾರೆ.

ಮೊನ್ನೆ ನಿನ್ನ ಅಪ್ಪ ಬಸ್ಸನ್ನು ಡಿಪೋದಲ್ಲಿ ಬಿಟ್ಟು ಬರುವಾಗ ಪೇಪರ್ ತಂದ. ಮೆಟ್ಟಿಲಿನಿಂದಲೇ ಕೂಗಿದ, "ಅಮ್ಮಾ, ಗುಂಡಿ ಪೇಪರ್‌ನಲ್ಲಿ ಬಂದಿದ್ದಾಳೆ!" ನಮ್ಮಂಥವರು ಪೇಪರಿನಲ್ಲಿ ಬರುವುದು ಬಸ್ಸಿನ ಕೆಳಗೆ ಸಿಕ್ಕಾಗ ಮಾತ್ರ. ನೋಡಿದರೆ ನಿನ್ನ ಫೋಟೋ. ತಲೆ ಬಾಚಿಕೊಂಡು ನಿಲ್ಲಬಾರದಿತ್ತೇನೇ? ಪಕ್ಕದಲ್ಲಿ ನಿನಗೆ ಸಂಶೋಧನೆ ಕಲಿಸುವ ನಿಮ್ಮ ಮೇಡಂ. ಅವರ ಕೋಟಿನ ತೋಳು ಒಂದು ಇಂಚು ಉದ್ದವಾಗಿದೆ, ಹೇಳು ಅವರಿಗೆ.

ನಲವತ್ತು ವರ್ಷದಿಂದ ಯಾರ ಕೈಗೂ ಸಿಗದಿದ್ದ ಒಂದು ಪ್ರಮೇಯವನ್ನು ಕಂಪ್ಯೂಟರು ಹನ್ನೊಂದು ಸೆಕೆಂಡಿನಲ್ಲಿ ಸಾಧಿಸಿತಂತೆ. ಆ ಕಂಪ್ಯೂಟರಿಗೆ ದಾರಿ ಕಲಿಸಿದವಳು ನೀನಂತೆ. "ಪ್ರಮೇಯ ಅಂದ್ರೇನೋ?" ಅಂದೆ. "ನಿನಗೆ ಅರ್ಥ ಆಗಲ್ಲ ಬಿಡಮ್ಮ" ಅಂದ. "ನಿನಗೆ ಆಯ್ತಾ?" ಅಂದೆ. ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದ.

ಪೇಪರನ್ನು ಕತ್ತರಿಸಿ ಬೀರುವಿನ ಬಾಗಿಲಿಗೆ ಅಂಟಿಸಿದ್ದೇನೆ. ಎದುರುಮನೆ ನರ್ಸಮ್ಮ ಕೆಲಸ ಮುಗಿಸಿ ಸುಸ್ತಾಗಿ ಬಂದಿದ್ದರು. ಆದರೂ ಬಿಡಲಿಲ್ಲ, ಕೈ ಹಿಡಿದು ಎಳೆದು ತಂದು ತೋರಿಸಿದೆ.

ಅದೇನೆಂದು ಬರೆದು ತಿಳಿಸು. ಫೋನು ಬೇಡ. ನನ್ನ ಕಿವಿಗೆ ಬೀಳಬೇಕಾದರೆ ನೀನು ಕಿರುಚಬೇಕು, ಅದನ್ನು ನಿನ್ನ ಅಪ್ಪ ಇನ್ನೊಮ್ಮೆ ಕಿರುಚಬೇಕು, ಇಡೀ ಕಟ್ಟಡಕ್ಕೆ ಪುಕ್ಕಟೆ ಮನರಂಜನೆ. ನಾಲ್ಕನೇ ಕ್ಲಾಸಿನವಳಿಗೆ ತಿಳಿಯುವ ಹಾಗೆ, ದೊಡ್ಡ ಅಕ್ಷರದಲ್ಲಿ ಬರೆ.

ಜಂಬ ಹೆಚ್ಚಾಗಿರುವ
ನಿನ್ನ ಅಜ್ಜಿ

*

ಜನವರಿ 28

ಪ್ರೀತಿಯ ಅಜ್ಜಿ,

ದೊಡ್ಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ.

ಮೊದಲು ಪ್ರಮೇಯ. ಕಾಲುಚೀಲ ಮೊದಲು, ಬೂಟು ಆಮೇಲೆ. ಅದಲುಬದಲಾದರೆ ಕೆಲಸ ಕೆಟ್ಟಿತು. ಅಂಗಿಗೆ ಎಡತೋಳು ಮೊದಲು ಹೊಲಿದರೂ ಬಲತೋಳು ಮೊದಲು ಹೊಲಿದರೂ ಅಂಗಿ ಅದೇ. ಗಣಿತದಲ್ಲಿ ಒಂದು ಬಗೆಯ ಕೂಡಿಸುವಿಕೆ ಇದೆ. ಅದು ಬೂಟಿನ ಜಾತಿಯದೋ ತೋಳಿನ ಜಾತಿಯದೋ ಯಾರಿಗೂ ತಿಳಿದಿರಲಿಲ್ಲ. ತೋಳಿನ ಜಾತಿಯದು ಎನ್ನುವುದೇ ನಮ್ಮ ಪ್ರಮೇಯ.

ಇನ್ನು ಸಾಧಿಸುವ ಬಗೆ. ನಿಜವೆಂದು ಗೊತ್ತಿರುವ ಕೆಲವು ಮಾತುಗಳನ್ನು ಕಂಪ್ಯೂಟರಿಗೆ ಕೊಡುತ್ತೇವೆ. ಅವುಗಳ ಜೊತೆ ಬೇಕೆಂದೇ ಒಂದು ಉಲ್ಟಾ ಮಾತು ಸೇರಿಸುತ್ತೇವೆ: "ಪ್ರಮೇಯ ಸುಳ್ಳು." ಅದು ಎರಡೆರಡು ಮಾತು ಜೋಡಿಸುತ್ತಾ ಹೋಗುತ್ತದೆ. "ಅಂಗಿ ಅಂಗಡಿಯಲ್ಲಿದೆ ಅಥವಾ ಗಿರಾಕಿಯ ಹತ್ತಿರವಿದೆ" ಎಂಬುದೊಂದು ಮಾತು, "ಅಂಗಿ ಅಂಗಡಿಯಲ್ಲಿಲ್ಲ" ಎಂಬುದು ಇನ್ನೊಂದು. ಒಂದರಲ್ಲಿ ಹೌದು, ಒಂದರಲ್ಲಿ ಇಲ್ಲ ಎಂದಿರುವುದು ಹೊಡೆದುಹೋಗುತ್ತದೆ. ಉಳಿಯುವುದು "ಗಿರಾಕಿಯ ಹತ್ತಿರವಿದೆ." ಹೀಗೆ ಹೊಡೆಯುತ್ತಾ ಹೊಡೆಯುತ್ತಾ ಕೊನೆಗೆ ಏನೂ ಉಳಿಯದೆ ಖಾಲಿ ಬಂದರೆ, ಆ ಮಾತುಗಳ ನಡುವೆ ಜಗಳವಿದೆ ಎಂದರ್ಥ. ಜಗಳ ತಂದದ್ದು ನಾವು ಸೇರಿಸಿದ ಉಲ್ಟಾ ಮಾತು. ಆದ್ದರಿಂದ ಅದು ಸುಳ್ಳು, ಪ್ರಮೇಯ ನಿಜ.

ಕಷ್ಟ ಏನೆಂದರೆ ಮಾತಿಗೆ ಮಾತು ಸೇರಿ ಲಕ್ಷಗಟ್ಟಲೆ ಹುಟ್ಟುತ್ತವೆ. ಯಾವುದನ್ನು ಮೊದಲು ಎತ್ತಿಕೊಳ್ಳಬೇಕೆಂದು ಕಲಿಸುವುದು ನನ್ನ ಕೆಲಸ. ಚಿಕ್ಕ ಮಾತು ಮೊದಲು. "ಎಲ್ಲ ಅಂಗಿಗೂ ಗುಂಡಿ ಇದೆ" ಎಂಬುದು ಕೈಯಲ್ಲಿದ್ದರೆ "ನೀಲಿ ಅಂಗಿಗೆ ಗುಂಡಿ ಇದೆ" ಎಂಬುದನ್ನು ಬಿಸಾಡು. ಮೂರನೆಯ ನಿಯಮ ನಾನೇ ಕೂತು ತಿದ್ದಿ ತೀಡಿದ್ದು: ಊರೆಲ್ಲ ಸುತ್ತಬೇಡ, ಸಾಧಿಸಬೇಕಾದ ಮಾತಿನಿಂದಲೇ ಹೊರಡು. ಅಂದರೆ, ಹುಟ್ಟುವ ಪ್ರತಿ ಹೊಸ ಮಾತಿನ ವಂಶದಲ್ಲೂ ಆ ಉಲ್ಟಾ ಮಾತು ಇರಲೇಬೇಕು.

ಅಷ್ಟೇ. ಅಜ್ಜಿ, ಆ ಪೇಪರ್ ತುಂಡನ್ನು ಬೀರುವಿನಿಂದ ತೆಗೆದುಬಿಡು.

ಗುಂಡಿ

*

ಫೆಬ್ರವರಿ 9

ಗುಂಡಿ,

ನಿನ್ನ ಕಾಗದ ಮೂರು ಸಲ ಓದಿದೆ. ಮೊದಲ ಸಲ ಕನ್ನಡಕ ಹಾಕಿರಲಿಲ್ಲ, ಎರಡು ಸಲ ಅಂದುಕೋ.

ಅರ್ಥವಾಯಿತು. ಇಷ್ಟಕ್ಕೆ ನಾಲ್ಕು ವರ್ಷ ಬೇಕಾಯಿತೇ? ಹೊಲಿಗೆ ಅಂಗಡಿಯಲ್ಲಿ ನಾವು ದಿನಾ ಮಾಡುತ್ತಿದ್ದದ್ದು ಇದನ್ನೇ. ಕೋಟು ಭುಜದಲ್ಲಿ ಎಳೆಯುತ್ತಿದ್ದರೆ ಕತ್ತರಿಸಿದ್ದು ತಪ್ಪು, ಇಲ್ಲ ಹೊಲಿದದ್ದು ತಪ್ಪು. ಕತ್ತರಿಸಿದ್ದು ಸರಿ ಇದೆ. ಹಾಗಾದರೆ ಹೊಲಿಗೆ ಬಿಚ್ಚು. ನಿನ್ನ ಅಪ್ಪನಿಗೂ ಹೇಳಿಕೊಟ್ಟೆ. "ಓಹೋ" ಅಂದ. ಅವನ "ಓಹೋ" ಎಂಥದ್ದೆಂದು ಹೆತ್ತವಳಿಗೆ ಗೊತ್ತಿಲ್ಲವೇ?

ಆದರೆ ಒಂದು ವಿಷಯ ಮುಳ್ಳಿನಂತೆ ಚುಚ್ಚುತ್ತಿದೆ. ಖಾಲಿ ಬಂದರೆ ಗೆದ್ದೆವು ಅನ್ನುತ್ತೀಯ. ಜಗಳ ತಂದದ್ದು ನೀನು ಸೇರಿಸಿದ ಉಲ್ಟಾ ಮಾತೇ ಎಂದು ಹೇಗೆ ಗೊತ್ತು? ಹೊಸ ಸೊಸೆ ಬಂದ ದಿನ ಮನೆಯಲ್ಲಿ ಜಗಳವಾದರೆ ಎಲ್ಲರೂ ಅವಳ ಮೇಲೇ ಹಾಕುತ್ತಾರೆ. ಆ ಮನೆಯ ಅಣ್ಣತಮ್ಮಂದಿರು ಅವಳು ಹೊಸಿಲು ದಾಟುವ ಮೊದಲೇ ಕಿತ್ತಾಡುತ್ತಿದ್ದರೆ?

ಪೇಪರ್ ತುಂಡನ್ನು ನಾನು ತೆಗೆಯುವುದಿಲ್ಲ. ಯಾಕೆ ತೆಗೆಯಬೇಕು? ನಾಲ್ಕು ವರ್ಷದವಳಿದ್ದಾಗ ನನ್ನ ಡಬ್ಬಿಯಿಂದ ಗುಂಡಿ ನುಂಗಿ, ಬಾಯಿ ಬಿಗಿದುಕೊಂಡು ಮೂಲೆಯಲ್ಲಿ ನಿಂತಿದ್ದೆಯಲ್ಲ, ಈ ಹೆಸರು ಬಂದದ್ದೇ ಅವತ್ತು. ನಿನ್ನ ಕಾಗದದ ಕೊನೆಯ ಸಾಲು ಹಾಗೇ ನಿಂತಿದೆ. ಈ ಸಲ ಏನು ನುಂಗಿದ್ದೀಯೇ?

ನಿನ್ನ ಅಜ್ಜಿ

*

ಫೆಬ್ರವರಿ 22

ಅಜ್ಜಿ,

ಅಣ್ಣತಮ್ಮಂದಿರು ಮೊದಲೇ ಕಿತ್ತಾಡುತ್ತಿದ್ದರು.

ಜನವರಿ ಇಪ್ಪತ್ತನಾಲ್ಕರ ಮಧ್ಯಾಹ್ನ ಮೇಡಂ ಒಂದು ಚಿತ್ರ ಬರೆಯಲು ಹೇಳಿದರು. ಮೇ ಆರರಂದು ದೊಡ್ಡ ಸಭೆಯೊಂದಿದೆ, ಅಲ್ಲಿ ಅವರು ನಮ್ಮ ಕೆಲಸದ ಬಗ್ಗೆ ಮಾತಾಡಬೇಕು. ಯಾವ ಮಾತು ಯಾವ ಮಾತಿನಿಂದ ಹುಟ್ಟಿತು ಎಂದು ವಂಶದ ಮರದಂತೆ ಬರೆದೆ. ಉಲ್ಟಾ ಮಾತಿಗೂ ಅದರ ಮಕ್ಕಳುಮರಿಗೂ ಕೆಂಪು ಬಣ್ಣ ಹಾಕು ಎಂದು ಕಂಪ್ಯೂಟರಿಗೆ ಹೇಳಿದೆ. ಚಿತ್ರ ಬಂತು. ಕೆಂಪು ಎಲ್ಲೂ ಇರಲಿಲ್ಲ.

ಅದು ಉಲ್ಟಾ ಮಾತನ್ನು ಮುಟ್ಟಿಯೇ ಇರಲಿಲ್ಲ, ಅಜ್ಜಿ. ನಾನು ಕೊಟ್ಟಿದ್ದ ಮಾತುಗಳು ಐವತ್ತಮೂರು. ನಲವತ್ತೊಂದನೆಯದನ್ನು ಹಳೆಯ ಪುಸ್ತಕವೊಂದರಿಂದ ಇಳಿಸಿಕೊಂಡಿದ್ದೆ. ಅಲ್ಲಿ "ಸೊನ್ನೆಯನ್ನು ಬಿಟ್ಟು" ಎಂದಿತ್ತು. ಆ ಎರಡು ಪದ ನನ್ನ ಕೈ ತಪ್ಪಿ ಹೋಗಿತ್ತು. ಅವು ಹೋದ ಮೇಲೆ ಅದಕ್ಕೂ ಹದಿನೇಳನೆಯ ಮಾತಿಗೂ ಆಗಿಬರುವುದಿಲ್ಲ. ಒಳಗೊಳಗೇ ಜಗಳವಿದ್ದರೆ ಏನನ್ನು ಬೇಕಾದರೂ ಸಾಧಿಸಬಹುದು. ಪ್ರಮೇಯ ಸುಳ್ಳೆಂದು ಸಾಧಿಸು ಎಂದೆ. ಅದೇ ಹನ್ನೊಂದು ಸೆಕೆಂಡು, ಸಾಧಿಸಿತು. ಎಲ್ಲ ಸಂಖ್ಯೆಯೂ ಸೊನ್ನೆ ಎಂದು ಸಾಧಿಸು ಎಂದೆ. ಅದನ್ನೂ ಸಾಧಿಸಿತು. ಹೆಜ್ಜೆ ಹೆಜ್ಜೆಯನ್ನೂ ಪರೀಕ್ಷಿಸುವ ಬೇರೊಂದು ಪ್ರೋಗ್ರಾಂ ಇದೆ. ಅದು ಎಲ್ಲಕ್ಕೂ ಸರಿ ಎಂದಿತು. ಹೆಜ್ಜೆಗಳಲ್ಲಿ ತಪ್ಪಿರಲಿಲ್ಲ. ಹೊರಟ ಜಾಗ ತಪ್ಪಾಗಿತ್ತು.

ಕೈ ತಪ್ಪಿದ್ದಕ್ಕೆ ಇಷ್ಟು ನಾಚಿಕೆಯಿಲ್ಲ. ಮೂರನೆಯ ನಿಯಮದ ಬಗ್ಗೆ ಬರೆದಿದ್ದೆನಲ್ಲ? ಅದು ಜಾರಿಯಲ್ಲಿದ್ದಿದ್ದರೆ ಹೀಗಾಗುತ್ತಿರಲಿಲ್ಲ. ಆ ನಿಯಮ ಇಟ್ಟುಕೊಂಡು ಕಂಪ್ಯೂಟರು ಆರು ದಿನ ಓಡಿತು, ಏನೂ ಸಿಗಲಿಲ್ಲ. ಏಳನೆಯ ದಿನ ಬೇಸತ್ತು ನಿಯಮವನ್ನು ನಾನೇ ತೆಗೆದುಹಾಕಿದೆ. ಹನ್ನೊಂದು ಸೆಕೆಂಡಿನಲ್ಲಿ ಖಾಲಿ ಬಂತು. ಯಾರಿಗಾದರೂ ಅನುಮಾನ ಬರಬೇಕು. ನನಗೂ ಬಂತು. ಆ ಕ್ಷಣದಲ್ಲೇ ಬಂತು. ಅಷ್ಟರಲ್ಲಿ ಮೇಡಂ ಹಿಂದಿನಿಂದ ಬಂದು ಪರದೆ ನೋಡಿ ನನ್ನನ್ನು ಅಪ್ಪಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು. ನಾನು ಅನುಮಾನವನ್ನು ನುಂಗಿದೆ.

ಈಗ ಅವರು ಎದುರಿಗೆ ಬಂದರೆ ಪ್ರಿಂಟರಿನ ಹಿಂದೆ ಹೋಗಿ ಕಾಗದ ಜೋಡಿಸುತ್ತೇನೆ. ಟೀ ಕುಡಿದ ಲೋಟವನ್ನು ಹತ್ತು ನಿಮಿಷ ತೊಳೆಯುತ್ತೇನೆ. ಇದು ಗೊತ್ತಿರುವುದು ನನಗೆ, ಈಗ ನಿನಗೆ. ಅಪ್ಪನಿಗೆ ಹೇಳಬೇಡ.

ಗುಂಡಿ

*

ಮಾರ್ಚ್ 2

ಗುಂಡಿ,

ಕಾಗದ ಬಂತು.

ನಾಳೆಯೇ ಹೋಗಿ ನಿಮ್ಮ ಮೇಡಂ ಮುಂದೆ ನಿಂತು ಕಡ್ಡಿ ಮುರಿದಂತೆ ಹೇಳು. ಇದರಲ್ಲಿ ಯೋಚಿಸುವಂಥದ್ದು ಏನಿದೆ? ಒಂದು ತಿಂಗಳಿನಿಂದ ಲೋಟ ತೊಳೆಯುತ್ತಿದ್ದಾಳಂತೆ! ಆ ಹೆಂಗಸು ಸಭೆಯಲ್ಲಿ ನಿಂತು ಮಾನ ಕಳೆದುಕೊಳ್ಳಲಿ, ನೀನು ಲೋಟ ಫಳಫಳ ಹೊಳೆಸು.

ನಮ್ಮ ಮನೆಯಲ್ಲಿ ಸುಳ್ಳಿನ ಮೇಲೆ ನಿಂತು ಶಹಬ್ಬಾಸ್ ಅನ್ನಿಸಿಕೊಂಡವರು ಯಾರೂ ಇಲ್ಲ. ನಿನ್ನ ಅಪ್ಪ ಮೂವತ್ತು ವರ್ಷ ಬಸ್ಸು ಓಡಿಸಿದ್ದಾನೆ, ಕನ್ನಡಿ ಒಡೆದರೆ ತಾನೇ ಹೋಗಿ ಹೇಳುತ್ತಾನೆ. ನೀನು ಎಲ್ಲಿಂದ ಕಲಿತೆ ಇದನ್ನು?

ಪೇಪರ್ ತುಂಡು ಕಿತ್ತೆ. ಗೋಂದು ಗಟ್ಟಿಯಾಗಿತ್ತು. ಬರೆದದ್ದೆಲ್ಲ ಕಿತ್ತು ಬಂತು, ನಿನ್ನ ಮುಖ ಬೀರುವಿನಲ್ಲೇ ಉಳಿಯಿತು.

ಅಜ್ಜಿ

*

ಮಾರ್ಚ್ 27

ಗುಂಡಿ,

ಇಪ್ಪತ್ತೈದು ದಿನವಾಯಿತು, ನಿನ್ನಿಂದ ಒಂದು ಸಾಲಿಲ್ಲ. ಅಪ್ಪನಿಗೆ ಫೋನಿನಲ್ಲಿ "ಕೆಲಸ ಜಾಸ್ತಿ" ಅಂದೆಯಂತೆ. ನಾನು ಬರೆದ ಬರವಣಿಗೆಗೆ ಯಾರಾದರೂ ಉತ್ತರ ಬರೆಯುತ್ತಾರೆಯೇ? ಈ ಕಾಗದವನ್ನು ಎರಡು ಸಲ ಹರಿದು ಹಾಕಿ ಮತ್ತೆ ಬರೆಯುತ್ತಿದ್ದೇನೆ. ಒಬ್ಬಳೇ ಕೂತು ಓದು.

ನಮ್ಮ ಮನೆಯಲ್ಲಿ ಅಂಥವರು ಯಾರೂ ಇಲ್ಲ ಎಂದು ಬರೆದಿದ್ದೆನಲ್ಲ, ಅದು ನನ್ನ ನಲವತ್ತೊಂದನೆಯ ಮಾತು.

ನಲವತ್ತನಾಲ್ಕು ವರ್ಷದ ಹಿಂದೆ ನಾನಿದ್ದ ಅಂಗಡಿಯಲ್ಲಿ ಆರು ಹೊಲಿಗೆ ಮಿಷನ್ನು, ಒಂದು ಉದ್ದ ಮೇಜು, ಬೆಲೆಯ ಬಟ್ಟೆ ಇಡಲು ಒಂದು ಕಬ್ಬಿಣದ ಬೀರು. ಬೀರುವಿನ ಬೀಗದ ಕೈ ದಾರಕ್ಕೆ ಕಟ್ಟಿ ನನ್ನ ಕೊರಳಿನಲ್ಲಿ. ನನ್ನ ಮಿಷನ್ನಿನ ಪಕ್ಕದ ಸ್ಟೂಲಿನಲ್ಲಿ ಕೂತು ಕಾಜ ಮಾಡುವ ಹುಡುಗಿಯೊಬ್ಬಳು ಇದ್ದಳು. ಹತ್ತೊಂಬತ್ತು ವರ್ಷ. ಎಲ್ಲರೂ ಅವಳನ್ನು ಕಾಜದವಳು ಎಂದೇ ಕರೆಯುತ್ತಿದ್ದರು. ಗುಂಡಿ ತೂರುವ ಕಿಂಡಿಗೆ ಸುತ್ತ ಅವಳು ಹಾಕುವ ಹೊಲಿಗೆ ನೋಡಿದರೆ ಮಿಷನ್ನು ನಾಚಿಕೊಳ್ಳಬೇಕು. ನನ್ನನ್ನು ಅಕ್ಕಾ ಅನ್ನುತ್ತಿದ್ದಳು. ನನಗೆ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು, ಕೇಳದೆಯೇ.

ಒಂದು ಮಧ್ಯಾಹ್ನ ಶಾಲೆಯಿಂದ ಜವಾನ ಓಡಿ ಬಂದ. ನಿನ್ನ ಅಪ್ಪ ಗೋಡೆಯಿಂದ ಬಿದ್ದು ತಲೆ ಒಡೆದುಕೊಂಡಿದ್ದ. ಎಂಟು ವರ್ಷದ ಹುಡುಗ. ನಾನು ಮೇಜಿನ ಮೇಲೆ ಗಿರಾಕಿಯೊಬ್ಬಳ ಮೇಲಂಗಿಗೆ ತರಿಸಿದ ರೇಷ್ಮೆ ಮಡಚುತ್ತಿದ್ದೆ. ಬೂದು ಬಣ್ಣ, ಬೆಳಕಿಗೆ ಹಿಡಿದರೆ ನೀಲಿ. ಕೈಗೆ ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ಸುತ್ತಿ ಎಲ್ಲೋ ತುರುಕಿ ಓಡಿದೆ.

ಮಾರನೆಯ ಬೆಳಿಗ್ಗೆ ಬೀರುವಿನಲ್ಲಿ ರೇಷ್ಮೆ ಇಲ್ಲ. ಅಂಗಡಿಯ ಟೈಲರ್ ಮಾಸ್ಟರು ಎಲ್ಲರನ್ನೂ ನಿಲ್ಲಿಸಿ ನನ್ನನ್ನು ಕೇಳಿದರು.

"ಬೀರುವಿಗೆ ಬೀಗ ಹಾಕಿದ್ಯೇನಮ್ಮ?"

"ಹಾಕಿದ್ದೆ ಮಾಸ್ಟರ್."

"ಬೀಗದ ಕೈ?"

"ಕೊರಳಲ್ಲೇ ಇತ್ತು. ಒಂದು ಕ್ಷಣಾನೂ ತೆಗೆದಿಲ್ಲ."

"ಹಾಗಾದ್ರೆ ರೇಷ್ಮೆ ರೆಕ್ಕೆ ಕಟ್ಕೊಂಡು ಹಾರಿಹೋಯ್ತಾ?"

ಅಲ್ಲಿ ನಾನು ಬಾಯಿ ಮುಚ್ಚಬಹುದಿತ್ತು. ಕೆಲಸ ಹೋದರೆ ಮಗುವಿನ ತಲೆಗೆ ಹೊಲಿಗೆ ಹಾಕಿದ ಡಾಕ್ಟರ ಹತ್ತಿರ ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ಅನ್ನಿಸಿತು. ಅದೂ ನೆಪವೇ ಬಿಡು. "ಕೈ ತೊಳೆಯೋಕೆ ಹೋಗುವಾಗ ದಾರ ಬಿಚ್ಚಿ ಮಿಷನ್ ಮೇಲೆ ಇಡ್ತೀನಿ. ಪಕ್ಕದಲ್ಲಿ ಕೂರೋದು ಯಾರು ಅಂತ ನಿಮಗೇ ಗೊತ್ತಲ್ಲ" ಅಂದೆ.

ನೋಡಿದೆಯಾ? ಒಂದು ಕ್ಷಣವೂ ತೆಗೆದಿಲ್ಲ ಅಂದೆ. ತೆಗೆದು ಇಡುತ್ತೇನೆ ಎಂದೂ ಅಂದೆ. ಒಂದೇ ಉಸಿರಿನಲ್ಲಿ. ಇವೆರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ ಎಂದು ಅಲ್ಲಿ ನಿಂತಿದ್ದ ಏಳು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಆ ಎರಡು ಮಾತು ಇಟ್ಟುಕೊಂಡು ಅವತ್ತು ಯಾರನ್ನು ಬೇಕಾದರೂ ಕಳ್ಳರೆಂದು ಸಾಧಿಸಬಹುದಿತ್ತು, ಮಾಸ್ಟರನ್ನೂ ಸೇರಿಸಿ. ನಾನು ಅವಳನ್ನು ಸಾಧಿಸಿದೆ. ಹನ್ನೊಂದು ಸೆಕೆಂಡೂ ಹಿಡಿಯಲಿಲ್ಲ.

ಅವಳು ನನ್ನನ್ನು ನೋಡಿ "ಅಕ್ಕಾ" ಎಂದಳು. ಅಷ್ಟೇ. ಬೆರಳಿಗೆ ಹಾಕುವ ಹಿತ್ತಾಳೆಯ ಟೋಪಿಯನ್ನು ತೆಗೆದು ಮೇಜಿನ ಮೇಲಿಟ್ಟು ಹೊರಗೆ ನಡೆದಳು. ಬೇರೆ ಯಾವ ಅಂಗಡಿಯವರೂ ಅವಳನ್ನು ಸೇರಿಸಲಿಲ್ಲ. ಹೋಟೆಲೊಂದರ ಬಟ್ಟೆ ಒಗೆಯುವ ಕಡೆ ಸೇರಿದಳೆಂದು ಕೇಳಿದೆ.

ಏಳು ವಾರ ಕಳೆದ ಮೇಲೆ ಚಳಿಗಾಲದ ಕೋಟುಗಳಿಗೆಂದು ಒಳಬಟ್ಟೆಯ ದೊಡ್ಡ ಗಂಟು ಬಿಚ್ಚಿದೆ. ನಡುವೆ ರೇಷ್ಮೆ. ನಾನೇ ಸುತ್ತಿಟ್ಟದ್ದು. ಅಂಗಡಿಗೆ ಇನ್ನೂ ಯಾರೂ ಬಂದಿರಲಿಲ್ಲ. ಬಂದಮೇಲೆ ಹೇಳಬಹುದಿತ್ತು. ಊಟದ ಚೀಲಕ್ಕೆ ತುರುಕಿ ಮನೆಗೆ ತಂದೆ. ಆಗ ಅವಳನ್ನು ಕಳ್ಳಿ ಎಂದಿದ್ದೆ, ಈಗ ಕಳ್ಳಿ ನಾನೇ ಆದೆ.

ಸುಡಲು ಕೈ ಬರಲಿಲ್ಲ, ಹೊಲಿಯುವವಳ ಕೈ. ಟ್ರಂಕಿನ ತಳದಲ್ಲಿ ವರ್ಷಗಟ್ಟಲೆ ಇತ್ತು. ಎಂಟು ವರ್ಷದ ಹಿಂದೆ ನೀನು ಓದಲು ಹೊರಟಾಗ ನಿನಗೊಂದು ದಪ್ಪ ಹೊದಿಕೆ ಹೊಲಿದು ಕೊಟ್ಟೆನಲ್ಲ, ಅದರ ಎರಡು ಪದರದ ನಡುವೆ ಅದನ್ನು ಇಟ್ಟು ಹೊಲಿದುಬಿಟ್ಟೆ. ಮನೆಯಿಂದ ಆಚೆ ಹೋದರೆ ಸಾಕು ಎನ್ನಿಸಿತ್ತು. ನನ್ನ ಪಾಪವನ್ನು ನಿನಗೆ ಹೊದಿಸಿ ಕಳಿಸಿದೆ. ಎಲ್ಲಿಂದ ಕಲಿತೆ ಎಂದು ಮೇಲಿಂದ ನಿನ್ನನ್ನೇ ಕೇಳಿದೆ.

ಅವಳು ಈಗಲೂ ಇದೇ ಊರಿನಲ್ಲಿದ್ದಾಳೆ. ನಿನ್ನ ಅಪ್ಪನ ಏಳನೇ ನಂಬರಿನ ಬಸ್ಸು ಅವಳ ಬೀದಿಯ ಮುಂದೆಯೇ ಹೋಗುತ್ತದೆ. ನಾನು ಯಾವಾಗಲೂ ಒಂದು ಸ್ಟಾಪ್ ಮೊದಲೇ ಇಳಿದು ಬಳಸಿ ನಡೆಯುತ್ತೇನೆ. ಮಂಡಿನೋವಿಗೆ ನಡಿಗೆ ಒಳ್ಳೆಯದೆಂದು ಹೇಳಿದ್ದೇನೆ.

ನೀನು ಏನು ಮಾಡಬೇಕೆಂದು ಹೇಳಲು ನನಗೆ ಬಾಯಿಲ್ಲ. ಹೊದಿಕೆಯ ಹೊಲಿಗೆ ಬಿಚ್ಚಿ ಅದನ್ನು ಕಳಿಸು. ಎಡಮೂಲೆಯಿಂದ ಬಿಚ್ಚು, ಅಲ್ಲಿ ದಾರ ಸಡಿಲ.

ಅಜ್ಜಿ

*

ಏಪ್ರಿಲ್ 8

ಅಜ್ಜಿ,

ಎಡಮೂಲೆಯಿಂದ ಬಿಚ್ಚಿದೆ. ಕಿಟಕಿಯ ಹತ್ತಿರ ಹಿಡಿದು ನೋಡಿದೆ, ನೀಲಿ ಹೊಳೆಯಿತು. ಪಾರ್ಸೆಲ್ ಕಳಿಸಿದ್ದೇನೆ. ಹೊದಿಕೆ ತೆಳ್ಳಗಾಗಿದೆ.

ನಿನ್ನ ಮೇಲೆ ಸಿಟ್ಟು ಬಂದಿತ್ತು. ಎರಡು ದಿನ ಇತ್ತು. ನಿನ್ನ ಮಾರ್ಚ್ ಎರಡರ ಕಾಗದಕ್ಕೆ ಬಂದ ಸಿಟ್ಟೇ ಹೆಚ್ಚು.

ಮೊನ್ನೆ, ಆರನೇ ತಾರೀಕು, ಮೇಡಂ ಕೋಣೆಗೆ ಹೋದೆ. ಕೆಂಪು ಇಲ್ಲದ ಚಿತ್ರವನ್ನು ಅವರ ಮೇಜಿನ ಮೇಲಿಟ್ಟೆ. ಅವರು ಬಹಳ ಹೊತ್ತು ನೋಡಿದರು.

"ಯಾವ ನಂಬರ್?"

"ನಲವತ್ತೊಂದು."

"ಯಾವಾಗ ಗೊತ್ತಾಯ್ತು?"

ಇದೊಂದನ್ನು ಕೇಳದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. "ಜನವರಿ ಇಪ್ಪತ್ತನಾಲ್ಕು."

ಅವರು ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿದರು. "ಎಪ್ಪತ್ತೆರಡು ದಿನ. ದಿನಾ ನನ್ನ ಎದುರಿಗೇ ಕೂತು ಟೀ ಕುಡಿದ್ಯಲ್ಲೇ." ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ತಪ್ಪು ಎಲ್ಲರ ಕೈಲೂ ಆಗತ್ತೆ. ನನ್ನ ಕೈಲೂ ಆಗಿದೆ. ನೀನು ಹೇಳ್ತೀಯ ಅಂತ ಅಂದ್ಕೊಂಡಿದ್ದೆ, ಅಷ್ಟೇ. ಮೇ ಆರಕ್ಕೆ ನಾನು ಮಾತಾಡಲ್ಲ. ನೀನು ಮಾತಾಡು. ಮುನ್ನೂರು ಜನ ಇರ್ತಾರೆ."

ಟೀ ಹೊತ್ತಿಗೆ ಈಗ ಅವರು ಬರುವುದಿಲ್ಲ. ಅವರ ಲೋಟ ಕಪಾಟಿನಲ್ಲಿ ಬೋರಲು ಬಿದ್ದಿದೆ. ಮುನ್ನೂರು ಜನರ ಮುಂದೆ ಬಾಯಿ ತೆರೆದರೆ ನನಗೆ ಏನು ಬರುತ್ತದೋ ಗೊತ್ತಿಲ್ಲ. ಮೊದಲ ಸಾಲನ್ನು ಹದಿನಾಲ್ಕು ಬಗೆಯಾಗಿ ಬರೆದು ಹೊಡೆದುಹಾಕಿದ್ದೇನೆ.

ಗುಂಡಿ

*

ಏಪ್ರಿಲ್ 28

ಗುಂಡಿ,

ಪಾರ್ಸೆಲ್ ಬಂದು ಹನ್ನೊಂದು ದಿನ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ನಿನ್ನನ್ನು ಬೈದ ಬಾಯಿ ಇದು. ಭಾನುವಾರ ಎದ್ದೆ. ಏಳನೇ ನಂಬರ್ ಹತ್ತಿದೆ, ಒಂದು ಸ್ಟಾಪ್ ಮೊದಲು ಇಳಿಯಲಿಲ್ಲ. "ಅಮ್ಮಾ, ನಿನ್ನ ಸ್ಟಾಪ್ ಹೋಯ್ತು" ಎಂದು ನಿನ್ನ ಅಪ್ಪ ಕನ್ನಡಿಯಲ್ಲಿ ನೋಡಿದ. "ನಿನ್ನ ಕೆಲಸ ನೋಡ್ಕೋ" ಅಂದೆ.

ಅವಳ ಮನೆ ಯಾರನ್ನೂ ಕೇಳಬೇಕಾಗಲಿಲ್ಲ. ಬೀದಿಯ ಮೂರನೇ ಬಾಗಿಲಿಗೆ ಪರದೆ ಇತ್ತು, ಅದರ ಅಂಚನ್ನು ಕೈಯಲ್ಲಿ ಹೊಲಿದಿತ್ತು. ಆ ಹೊಲಿಗೆ ನನಗೆ ಗೊತ್ತು. ಮಗಳು ಬಾಗಿಲು ತೆಗೆದಳು, ನಲವತ್ತರ ಹತ್ತಿರದವಳು. ಒಳಗೆ ಅವಳು ಕೂತಿದ್ದಳು. ಬಿಸಿನೀರಿನಲ್ಲಿ ನೆಂದೂ ನೆಂದೂ ಕೈ ಕೆಂಪಗೆ ಊದಿ ಬೆರಳ ಗೆಣ್ಣುಗಳು ಮಡಚುವುದೇ ಇಲ್ಲ. ಆ ಬೆರಳಿನಲ್ಲಿ ಪರದೆ ಹೇಗೆ ಹೊಲಿದಳೋ.

"ಕೂತ್ಕೊಳ್ಳಿ ಅಕ್ಕಾ" ಎಂದಳು. ಅದೇ ಅಕ್ಕಾ.

ನಾನು ಮಂಡಿನೋವಿನ ವಿಷಯ ಹೇಳಿದೆ. ಬಿಸಿಲಿನ ವಿಷಯ ಹೇಳಿದೆ. ಪರದೆ ಚೆನ್ನಾಗಿದೆ ಅಂದೆ. ಬಸ್ಸಿನಲ್ಲಿ ಜನ ಜಾಸ್ತಿ ಅಂದೆ. ಮಾತಿಗೆ ಮಾತು ಹುಟ್ಟುತ್ತಲೇ ಇತ್ತು. ಆಗ ನಿನ್ನ ಮೂರನೆಯ ನಿಯಮ ನೆನಪಿಗೆ ಬಂತು.

"ಅವತ್ತು ಬೀರುವಿಗೆ ನಾನು ಬೀಗ ಹಾಕಿರ್ಲಿಲ್ಲ" ಅಂದೆ.

"ಗೊತ್ತು" ಅಂದಳು.

"ಹೇಗೆ?" ಅಂದೆ.

"ನೀವು ಓಡಿಹೋದ ಮೇಲೆ ಬಾಗಿಲು ಹಾರು ಹೊಡೆದಿತ್ತು. ಮಾಸ್ಟರ್ ನೋಡಿದ್ರೆ ನಿಮ್ಮನ್ನ ಬಯ್ತಾರೆ ಅಂತ ನಾನೇ ಒತ್ತಿ ಮುಚ್ಚಿದೆ."

"ಮತ್ತೆ ಮಾಸ್ಟರ್ ಮುಂದೆ ಯಾಕೆ ಹೇಳ್ಲಿಲ್ಲ?"

"ನೀವೇ ಹೇಳ್ತೀರ ಅಂತ ಕಾದೆ." ಆಮೇಲೆ ಕೇಳಿದಳು, "ಮಗು ತಲೆ ವಾಸಿ ಆಯ್ತಾ?"

ಗುಂಡಿ, ಎಪ್ಪತ್ತೆರಡು ವರ್ಷದವಳು ನಾನು. ನೆಲ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದೆ.

ಗಂಟು ಬಿಚ್ಚಿ ರೇಷ್ಮೆಯನ್ನು ಅವಳ ಮುಂದಿಟ್ಟೆ, ಹೇಗೆ ಸಿಕ್ಕಿತೆಂದೂ ಹೇಳಿದೆ. ಅವಳು ಬೆರಳಿನ ಹಿಂಬದಿಯಿಂದ ಒಮ್ಮೆ ಸವರಿದಳು. ಆಮೇಲೆ ನನ್ನ ಕಡೆ ತಳ್ಳಿದಳು.

"ಇದನ್ನ ಯಾಕೆ ತಂದ್ರಿ?"

"ನಿನಗೆ..."

"ನಂದಲ್ಲ ಅಕ್ಕಾ. ಅವತ್ತೂ ನಾನು ಅದನ್ನೇ ಹೇಳೋಕೆ ಬಾಯಿ ತೆರೆದಿದ್ದೆ."

ಆಮೇಲೆ ಒಳಗೆ ತಿರುಗಿ ಮಗಳನ್ನು ಕರೆದಳು. "ಬಾ ಇಲ್ಲಿ, ಕೂತ್ಕೋ. ಕಳ್ಳಿಯ ಮಗಳು ಅಂತ ನಿನ್ನ ಗಂಡನ ಮನೆಯವರು ಆಡಿದ್ದ ಮಾತು ನೆನಪಿದೆಯಲ್ಲ? ಇವರು ಹೇಳ್ತಾರೆ, ಕೇಳು. ಅಕ್ಕಾ, ಮೊದಲಿಂದ ಹೇಳಿ."

ಮೊದಲಿನಿಂದ ಹೇಳಿದೆ. ಎರಡನೇ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟ. ಮಗಳು ನನ್ನ ಮುಖ ನೋಡಲೇ ಇಲ್ಲ, ಅವಳ ಕಣ್ಣೆಲ್ಲ ಅಮ್ಮನ ಕೈಗಳ ಮೇಲೆ. ಮುಗಿದ ಮೇಲೆ ಎದ್ದು ಬಂದೆ. ಬಾಗಿಲವರೆಗೆ ಯಾರೂ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ವಾಪಸ್ಸು ಬರುವಾಗ ನಿನ್ನ ಅಪ್ಪನದೇ ಬಸ್ಸು. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದ ಮೇಲೆ ಅವನ ಹಿಂದಿನ ಸೀಟಿನಲ್ಲಿ ಕೂತು ಅವನಿಗೂ ಹೇಳಿದೆ. ಸ್ಟೀರಿಂಗ್ ಹಿಡಿದುಕೊಂಡೇ ಕೇಳಿದ. ಕೊನೆಗೆ ತಲೆಯ ಮೇಲಿನ ಹಳೆಯ ಗಾಯದ ಗುರುತನ್ನು ಮುಟ್ಟಿಕೊಂಡ. "ಓಹೋ" ಅನ್ನಲಿಲ್ಲ. ನಾಲ್ಕು ದಿನದಿಂದ ನನ್ನ ಹತ್ತಿರ ಮಾತು ಕಡಿಮೆ. ಆಗಲಿ.

ನಿನ್ನ ಸಭೆಗೆ ಎಂಟು ದಿನ ಇದೆ. ಆ ಹದಿನಾಲ್ಕು ಸಾಲನ್ನೂ ಬಿಸಾಡು. ಎದ್ದು ನಿಂತ ಕೂಡಲೇ "ನಲವತ್ತೊಂದನೆಯ ಮಾತು ತಪ್ಪು, ಬರೆದವಳು ನಾನು, ಗೊತ್ತಿದ್ದೂ ಎಪ್ಪತ್ತೆರಡು ದಿನ ಸುಮ್ಮನಿದ್ದೆ" ಅನ್ನು. ನಿಮ್ಮ ಮೇಡಂ ಮತ್ತೆ ಟೀಗೆ ಬರುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಅವರು ಬರಲಿ ಎಂಬ ಆಸೆಗಾಗಿ ಹೇಳಬೇಡ. ಕಾಲು ನಡುಗುತ್ತದೆ, ನಡುಗಲಿ. ನನಗೂ ನಡುಗಿತು, ಮೇಲೆ ಮಂಡಿನೋವು ಬೇರೆ.

ನಿನ್ನ ಹೊದಿಕೆಯೊಳಗೆ ಇಡಲು ಹತ್ತಿಯ ಬಟ್ಟೆ ಕಳಿಸುತ್ತಿದ್ದೇನೆ. ಸಾದಾ ಬಟ್ಟೆ. ತೊಳೆದು ಒಣಗಿಸಿದ್ದೇನೆ.

ರೇಷ್ಮೆಯನ್ನು ಟ್ರಂಕಿಗೆ ಹಾಕಲಿಲ್ಲ. ಬೀರುವಿನ ಬಾಗಿಲಿಗೆ, ಬಾಚದ ತಲೆಯ ನಿನ್ನ ಮುಖದ ಪಕ್ಕದಲ್ಲೇ ನೇತುಹಾಕಿದ್ದೇನೆ. ನಿನ್ನೆ ನರ್ಸಮ್ಮ ಬಂದವರು ನೋಡಿ, "ಅಯ್ಯೋ, ಎಷ್ಟು ಚೆನ್ನಾಗಿದೆ! ಎಲ್ಲಿಂದ ತಂದ್ರಿ ಅಜ್ಜಿ?" ಎಂದರು.

ಕುರ್ಚಿ ಎಳೆದು ಅವರನ್ನು ಕೂರಿಸಿದೆ. "ಕದ್ದದ್ದು" ಎಂದು ಶುರುಮಾಡಿದೆ.

ಬೀಗ ಹಾಕಿರದ
ನಿನ್ನ ಅಜ್ಜಿ